ನಿಂತು ತುಕ್ಕು ಹಿಡಿದ ಅಂಬಾಸಿಡರ್: ದೋಷ ಪತ್ತೆ ಮತ್ತು ದುರಸ್ತಿ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಅಂಬಾಸಿಡರನ್ನು ಮನೆಯಲ್ಲೇ ಎಬ್ಬಿಸಲು ಹೊರಟವರಲ್ಲಿ ಕೆಲವರು ಹೊಸ ಬ್ಯಾಟರಿ ತಂದು ನೇರ ಸೆಲ್ಫ್ ಹೊಡೆಯುತ್ತಾರೆ. ಇನ್ನು ಕೆಲವರು ಮೊದಲ ದಿನವೇ ಬಣ್ಣ ಯಾವುದೆಂದು ಯೋಚಿಸುತ್ತಾರೆ. ಎರಡೂ ದುಡ್ಡು ಕಳೆಯುವ ದಾರಿಗಳೇ. ಬ್ರೇಕ್ ಹಿಡಿದುಕೊಳ್ಳುವುದು, ಲೈಟ್ ಮಂಕಾಗುವುದು, ಕಾಲು ಗಂಟೆ ಓಡಿ ಆಫ್ ಆಗುವುದು, ನೀರು ಕುದಿಯುವುದು ಎಲ್ಲವೂ ಬೇರೆ ಬೇರೆ ದೋಷಗಳೆಂದು ತೋರುತ್ತವೆ. ನಿಂತ ಗಾಡಿಯಲ್ಲಿ ಇವುಗಳಲ್ಲಿ ಬಹುಪಾಲಿಗೆ ಮೂಲ ತುಕ್ಕು. ಅದು ಎಲ್ಲಿ ಕೂತಿದೆ, ನೀರು ಅಲ್ಲಿಗೆ ಹೇಗೆ ತಲುಪಿತು ಎಂಬುದು ಗೊತ್ತಾಗುವವರೆಗೆ ಹೊಸ ಬಿಡಿಭಾಗ ಕೊಳ್ಳುವ ಅವಸರ ಬೇಡ.

ಇಲ್ಲಿ ಹೇಳಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಗಾಡಿಗೆ. ಹಿಂದೂಸ್ತಾನ್ ಮೋಟರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ಅಂಬಾಸಿಡರ್ ತಯಾರಿಸಿತು. ಅದರ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಡೀಸೆಲ್ ಗಾಡಿಗೂ 1800 ಸಿಸಿ ಇಸುಜು ಎಂಜಿನ್ನಿಗೂ ಇಗ್ನಿಷನ್, ಇಂಧನದ ಭಾಗ ಹೊಂದುವುದಿಲ್ಲ. ಬಾಡಿ, ಬ್ರೇಕ್, ಅರ್ಥಿಂಗ್ ಬಗ್ಗೆ ಬರೆದದ್ದು ಎಲ್ಲಕ್ಕೂ ಸಲ್ಲುತ್ತದೆ.

ಕೀಲಿ ತಿರುಗಿಸುವ ಮುನ್ನ

ಬ್ಯಾಟರಿ ಕೂರಿಸುವ ಮೊದಲು ಬಾಡಿಗೆ ಹೋಗಿರುವ ದಪ್ಪ ವೈರ್ ಯಾವ ಟರ್ಮಿನಲ್ಲಿನದು ಎಂದು ನೋಡಿ. ತೀರಾ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರಬಹುದು. ಅಭ್ಯಾಸಬಲದಿಂದ ನೆಗೆಟಿವ್ ಅನ್ನು ಬಾಡಿಗೆ ಕೊಟ್ಟರೆ ಡೈನಮೊ, ಅದರ ಚಾರ್ಜಿಂಗ್ ಜೋಡಿಸಿ ಕಡಿಯುವ ಕಟ್‌ಔಟ್ ಕೆಡುತ್ತವೆ. ಆಲ್ಟರ್ನೇಟರ್ ಹಾಕಿಸಿಕೊಂಡ ಗಾಡಿಯಲ್ಲಿ ವೈರ್ ಅದಲುಬದಲಾದರೆ ಡಯೋಡುಗಳು ಆ ಕ್ಷಣವೇ ಸುಡುತ್ತವೆ.

ಚಾಸಿ ನಂಬರ್ ಕೆತ್ತಿದ ಜಾಗ ಮತ್ತು ಪ್ಲೇಟಿನ ಫೋಟೊ ತೆಗೆದು, ಆರ್‌ಸಿಯಲ್ಲಿರುವ ನಂಬರಿನ ಜೊತೆ ತಾಳೆ ನೋಡಿ, ಅದರ ಮೇಲೆ ಟೇಪ್ ಅಂಟಿಸಿ. ಗ್ರೈಂಡರ್ ಒಮ್ಮೆ ಆ ಅಕ್ಷರಗಳ ಮೇಲೆ ಹಾದುಹೋದರೆ ಆರ್‌ಟಿಒ ಕಚೇರಿಯಲ್ಲಿ ಉತ್ತರ ಕೊಡುವುದು ಕಷ್ಟ. 50 ವರ್ಷ ದಾಟಿದ ಗಾಡಿಯಾದರೆ ಇನ್ನೂ ಒಂದು ವಿಷಯ ತಲೆಯಲ್ಲಿರಲಿ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ ಶೆಲ್, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದ ವಾಹನಕ್ಕೆ. ತುಕ್ಕು ತಿಂದ ತಗಡಿಗೆ ಅದೇ ಆಕಾರದ ತಗಡು ಹಾಕುವುದು ಒಂದು, ಆಕಾರವನ್ನೇ ಬದಲಿಸುವುದು ಇನ್ನೊಂದು.

ಬಾಡಿಯ ತುಕ್ಕು: ಮೇಲಿನದೋ, ಒಳಗಿನಿಂದ ಬಂದದ್ದೋ

ಬಣ್ಣದ ಮೇಲೆ ಗುಳ್ಳೆ ಎದ್ದಿದ್ದರೆ ಒಂದನ್ನು ಚಾಕುವಿನ ತುದಿಯಿಂದ ಒಡೆದು ತಂತಿ ಬ್ರಷ್ಷಿನಲ್ಲಿ ಉಜ್ಜಿ. ಕೆಳಗೆ ಗಟ್ಟಿ ತಗಡು ಕಂಡು, ತುಕ್ಕು ಬರೀ ಕಂದು ಕಲೆಯಂತೆ ಹರಡಿದ್ದರೆ ಅದು ಹೊರಗಿನಿಂದ ಶುರುವಾದದ್ದು. ಕಲ್ಲು ಸಿಡಿದು ಅಥವಾ ಗೀರು ಬಿದ್ದು ಬಂದಿರುತ್ತದೆ, ಉಜ್ಜಿ ಪ್ರೈಮರ್ ಹಾಕಿದರೆ ಸಾಕು. ಉಜ್ಜಿದಷ್ಟೂ ಸೂಜಿಮೊನೆಯ ಕಪ್ಪು ಚುಕ್ಕೆಗಳು ಹೆಚ್ಚುತ್ತಾ ಹೋದರೆ ತುಕ್ಕು ಒಳಬದಿಯಿಂದ ಬಂದಿದೆ. ಖಾತ್ರಿಗೆ ರಾತ್ರಿ ಶೆಡ್ಡಿನ ಲೈಟ್ ಆರಿಸಿ ತಗಡಿನ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕಿನ ಚುಕ್ಕೆ ಒಂದು ಕಂಡರೂ ಅಲ್ಲಿನ ತಗಡು ಕತ್ತರಿಸಿ ಬದಲಿಸಲೇಬೇಕು. ಅದರ ಮೇಲೆ ಪುಟ್ಟಿ ಮೆತ್ತಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಗುಳ್ಳೆ ಮತ್ತೆ ಏಳುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದ ಪುಟ್ಟಿಯನ್ನು ಎತ್ತಿ ಹಾಕುತ್ತದೆ. ಸ್ಪಾಟ್ ವೆಲ್ಡ್ ಮಾಡಿದ ಎರಡು ತಗಡುಗಳ ನಡುವೆ ಉಬ್ಬು ಕಾಣುವುದಕ್ಕೂ ಇದೇ ಕಾರಣ.

ಹಿಂದೆ ಯಾರೋ ಮೆತ್ತಿದ ಪುಟ್ಟಿ ಪತ್ತೆ ಮಾಡಲು ಫ್ರಿಜ್ ಮೇಲೆ ಅಂಟಿಸುವ ಚಿಕ್ಕ ಅಯಸ್ಕಾಂತವೇ ಸಾಕು. ಬಣ್ಣ ಗೀರದಂತೆ ತೆಳು ಬಟ್ಟೆ ಸುತ್ತಿ ಎಳೆಯುತ್ತಾ ಹೋಗಿ. ಹಿಡಿತ ತಪ್ಪಿದ ಕಡೆ ಪುಟ್ಟಿ ದಪ್ಪವಾಗಿದೆ. ಹಿಂದಿನ ಚಕ್ರದ ಕಮಾನು, ಬಾಗಿಲಿನ ಕೆಳಅಂಚು, ಹೆಡ್‌ಲೈಟಿನ ಸುತ್ತ ಮೊದಲು ನೋಡಿ.

ಅಂಬಾಸಿಡರ್‌ಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ಕೆಳಗಿನ ಜಾಗಗಳ ತುಕ್ಕು ಅಂದಚೆಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ: ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಸಿಲ್, ಹಿಂದಿನ ಕಮಾನುಪಟ್ಟಿಯ (ಲೀಫ್ ಸ್ಪ್ರಿಂಗಿನ) ಎರಡೂ ತುದಿ ಕೂರುವ ಹ್ಯಾಂಗರ್, ಜಾಕಿ ಕೊಡುವ ಜಾಗ, ಮುಂದಿನ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳಿನ) ಹಿಂತುದಿ ಸೇರುವ ಅಡ್ಡತೊಲೆ. ಕೊನೆಯದು ನೆಲದಡಿ ಇರುವುದರಿಂದ ಎಷ್ಟೋ ಗಾಡಿಗಳಲ್ಲಿ ಯಾರೂ ನೋಡಿಯೇ ಇರುವುದಿಲ್ಲ. ಡಾಂಬರಿನಂಥ ಅಂಡರ್‌ಕೋಟ್ ಬಳಿದಿದ್ದರೆ ಕೆರೆದು ತೆಗೆದು, ಚಿಕ್ಕ ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೂ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಸಂಶಯ ಬಂದಲ್ಲಿ ಹಳೆಯ ಸ್ಕ್ರೂಡ್ರೈವರ್ ಇಟ್ಟು ಅಂಗೈಯಿಂದ ಒತ್ತಿ. ಒಳಗೆ ಹೋದರೆ ಹೋಗಲಿ, ಅದು ನಿಮ್ಮಿಂದಾದ ತೂತಲ್ಲ. ಟಾರ್ಷನ್ ಬಾರ್ ಸದಾ ತಿರುಚಿದ ಒತ್ತಡದಲ್ಲಿರುತ್ತದೆ. ಆ ಒತ್ತಡ ಇಳಿಸದೆ ಅದರ ಬೋಲ್ಟು ಸಡಿಲಿಸಬೇಡಿ. ವರ್ಕ್‌ಶಾಪ್ ಪುಸ್ತಕದ ಕ್ರಮ ಕೈಯಲ್ಲಿಲ್ಲದಿದ್ದರೆ ಆ ಕೆಲಸವನ್ನು ಗೊತ್ತಿದ್ದವರಿಗೆ ಬಿಡಿ.

ಬಾಡಿ ಬಲ ಕಳೆದುಕೊಂಡಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ನಾಲ್ಕು ಚಕ್ರದ ಮೇಲೆ ನಿಂತಾಗ ಮುಂದಿನ ಬಾಗಿಲಿನ ಹಿಂಅಂಚಿನ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಅದೇ ಬದಿಯಲ್ಲಿ ಜಾಕಿ ಕೊಟ್ಟು ಎತ್ತಿ ಮತ್ತೆ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರಬಹುದು. ಸಂದು ಕಣ್ಣಿಗೆ ಕಾಣುವಷ್ಟು ಮುಚ್ಚಿಕೊಂಡರೆ ಅಥವಾ ಬಾಗಿಲು ಬಿಗಿಯಾಗಿ ಕೂತರೆ ಸಿಲ್ಲು, ನೆಲ ಭಾರ ಹೊರುತ್ತಿಲ್ಲ.

ನೀರಿನ ದಾರಿ ಹುಡುಕುವುದು

ನೆಲದ ತಗಡು ಬದಲಿಸಿದ ಮೇಲೂ ಎರಡು ವರ್ಷದಲ್ಲಿ ಅದೇ ಜಾಗ ಕೊಳೆಯಿತು ಎಂದರೆ ಯಾರೂ ಸೋರಿಕೆ ಹುಡುಕಿಲ್ಲ ಎಂದರ್ಥ. ತಗಡು ಕತ್ತರಿಸುವ ಮೊದಲೇ ಈ ಕೆಲಸ ಮುಗಿಸಿ.

ರಬ್ಬರ್ ಮ್ಯಾಟು, ಕೆಳಗಿನ ಸೆಣಬಿನ ಹಾಸು ಎಲ್ಲ ತೆಗೆಯಿರಿ. ಆ ಹಾಸು ಒಮ್ಮೆ ನೆನೆದರೆ ವಾರಗಟ್ಟಲೆ ಪಸೆ ಹಿಡಿದಿಟ್ಟುಕೊಳ್ಳುತ್ತದೆ, ಮೇಲಿನ ರಬ್ಬರ್ ಆರಲು ಬಿಡುವುದಿಲ್ಲ. ನೆಲ ಚೆನ್ನಾಗಿ ಒಣಗಿದ ಮೇಲೆ ನೆಲಕ್ಕೆ, ಡ್ಯಾಶ್‌ಬೋರ್ಡಿನ ಕೆಳಗಿನ ಗೋಡೆಗೆ, ಡಿಕ್ಕಿಯ ಒಳಗೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ. ಗಾಜು, ಬಾಗಿಲು ಮುಚ್ಚಿ, ಪೈಪಿನಿಂದ ರಭಸವಿಲ್ಲದೆ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು: ಮೊದಲು ಚಕ್ರದ ಕಮಾನಿನ ಒಳಗೆ 5 ನಿಮಿಷ, ಆಮೇಲೆ ಬಾಗಿಲಿನ ಕೆಳಭಾಗ, ಆಮೇಲೆ ವಿಂಡ್‌ಸ್ಕ್ರೀನಿನ ಕೆಳಅಂಚು, ಕೊನೆಗೆ ಗಾಡಿಯ ಛಾವಣಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಯೂ ಇಳಿದು ಯಾವ ಜಾಗದ ಸೋರಿಕೆ ಎಂದು ತಿಳಿಯುವುದಿಲ್ಲ. ಪ್ರತಿ ಹಂತದಲ್ಲೂ ಒಳಗೆ ನೋಡಿ. ಪುಡಿಯ ಮೇಲೆ ಗೆರೆ ಎಳೆದಂತೆ ದಾರಿ ಮೂಡಿರುತ್ತದೆ, ಅದನ್ನು ಹಿಮ್ಮುಖವಾಗಿ ಹಿಡಿದುಕೊಂಡು ಹೋದರೆ ಮೂಲ ಸಿಗುತ್ತದೆ.

ಹೆಚ್ಚಾಗಿ ಸಿಗುವುದು ಇವು. ವಿಂಡ್‌ಸ್ಕ್ರೀನಿನ ರಬ್ಬರ್ ಗಡಸಾಗಿ ಕೆಳಗಿನ ಮೂಲೆಗಳಲ್ಲಿ ಬಿರುಕು ಬಿಟ್ಟಿರುತ್ತದೆ. ಸಿಲಿಕೋನ್ ಮೆತ್ತುವುದಕ್ಕಿಂತ ಹೊಸ ರಬ್ಬರ್ ಹಾಕಿಸಿ. ಬಾಗಿಲಿನ ಕೆಳಅಂಚಿನ ನೀರು ಹೋಗುವ ತೂತುಗಳು ಮಣ್ಣು, ಹಳೆಯ ಬಣ್ಣದಿಂದ ಮುಚ್ಚಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲೊಳಗೇ ನಿಲ್ಲುತ್ತದೆ. ಮುಂದಿನ ಮಡ್‌ಗಾರ್ಡಿನ ಹಿಂಭಾಗದಲ್ಲಿ, ಹೆಡ್‌ಲೈಟ್ ಡೋಮಿನ ಮೇಲೆ ಕೆಸರು ಕಟ್ಟಿಕೊಂಡಿರುತ್ತದೆ. ಡಿಕ್ಕಿಯ ಬೀಡಿಂಗ್ ಚಪ್ಪಟೆಯಾಗಿ ನೀರು ಸ್ಟೆಪ್ನಿ ಜಾಗಕ್ಕೆ ಇಳಿಯುತ್ತದೆ. ಬೀಡಿಂಗ್ ಕೂರುತ್ತಿದೆಯೇ ಎಂದು ನೋಡಲು ಅದರ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಳ ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ನೀರೂ ಸಲೀಸಾಗಿ ಬರುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಗಳಲ್ಲಿ ಇದಿಷ್ಟೇ ಸಾಲದು. ಕಡಲ ಗಾಳಿಯ ಉಪ್ಪು ಸಂದುಗಳಲ್ಲಿ ಕೂತಿರುತ್ತದೆ, ತುಕ್ಕು ಉಜ್ಜಿ ತೆಗೆದ ಮೇಲೂ ಉಳಿದಿರುತ್ತದೆ. ಉಜ್ಜಿದ ಮೇಲೆ ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು, ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿ ಆಮೇಲೆ ಪ್ರೈಮರ್ ಹಾಕಿ.

ಕತ್ತರಿಸಿ ಬೆಸೆಯುವುದು

ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಶೆಡ್ಡಿನಿಂದ ಹೊರಗಿಡಿ. ಬ್ಯಾಟರಿ, ಸೀಟು, ಹಾಸು, ವೈರಿಂಗ್ ಹತ್ತಿರದಲ್ಲಿದ್ದರೆ ಅದನ್ನೂ ಸರಿಸಿ. ಒಂದು ಬಕೆಟ್ ನೀರು, ಒಂದು ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ವೆಲ್ಡಿಂಗ್ ಮುಗಿದ ಮೇಲೆ ಅರ್ಧ ಗಂಟೆ ಅಲ್ಲಿಂದ ಕದಲಬೇಡಿ, ಅಂಡರ್‌ಕೋಟು ಒಳಗೊಳಗೇ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುವುದುಂಟು.

ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ 25 ಮಿಮೀ ಆಂಗಲ್ ಪಟ್ಟಿಯನ್ನು ಕರ್ಣವಾಗಿ ಟ್ಯಾಕ್ ವೆಲ್ಡ್ ಮಾಡಿ. ಗಾಡಿ ಸಮತಟ್ಟಾದ ನೆಲದಲ್ಲಿ ಆಕ್ಸಲ್ಲಿನ ಮೇಲೆ ನಿಂತಿರಲಿ. ಎರಡೂ ಬದಿಯ ಬಾಗಿಲ ಚೌಕಟ್ಟಿನ ಕರ್ಣ ಅಳೆದು ಬರೆದಿಟ್ಟುಕೊಳ್ಳಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ನಡು ಕುಸಿಯುತ್ತದೆ. ಕುಸಿದ ಆಕಾರದಲ್ಲೇ ಬೆಸೆದರೆ ಮುಂದೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ, ವಿಂಡ್‌ಸ್ಕ್ರೀನ್ ಸುಮ್ಮನೆ ನಿಂತಲ್ಲೇ ಬಿರುಕು ಬಿಡಬಹುದು.

ತಗಡಿಗೆ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತನ್ನಿ. ಹೊರಮೈಗೆ 20 ಗೇಜ್ (ಸುಮಾರು 0.9 ಮಿಮೀ), ಸಿಲ್ ಮತ್ತು ನೆಲಕ್ಕೆ 18 ಗೇಜ್ (1.2 ಮಿಮೀ), ಹ್ಯಾಂಗರಿನ ಸುತ್ತ 16 ಗೇಜ್ (1.6 ಮಿಮೀ). ಮನೆಯ ಛಾವಣಿಗೆ ಹಾಕುವ ಜಿಐ ಶೀಟ್ ಬೇಡ. ಅದರ ಸತುವಿನ ಲೇಪ ಬೆಸುಗೆಯ ಶಾಖಕ್ಕೆ ಬಿಳಿ ಹೊಗೆಯಾಗುತ್ತದೆ, ಉಸಿರಾಡಿದರೆ ಜ್ವರ, ನಡುಕ ಬರುತ್ತದೆ. ಬೆಸುಗೆಯಲ್ಲೂ ತೂತು ಬೀಳುತ್ತದೆ. ಗ್ಯಾಸ್ ವೆಲ್ಡಿಂಗ್ ಹಳೆಯ ಟಿಂಕರ್‌ಗಳ ಕೈಯಲ್ಲಿ ಸೊಗಸಾಗಿ ಬರುತ್ತದೆ. ಹೊಸಬರಿಗೆ ಮಾತ್ರ ಅದರ ಶಾಖ ತಗಡನ್ನು ಅಲೆಅಲೆಯಾಗಿ ಸೊಟ್ಟ ಮಾಡುತ್ತದೆ. ಅವರಿಗೆ ಮಿಗ್ ವೆಲ್ಡಿಂಗ್ ಯಂತ್ರ, 0.8 ಮಿಮೀ ತಂತಿ, 20 ಗೇಜಿಗೆ 40ರಿಂದ 60 ಆಂಪ್. ಗೆರೆಯಂತೆ ಎಳೆಯದೆ ಚುಕ್ಕೆ ಇಡಿ. ಒಂದು ಚುಕ್ಕೆಯಿಂದ 50 ಮಿಮೀ ದೂರಕ್ಕೆ ಜಿಗಿಯಿರಿ, ಬೆರಳಿಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ನಡುವಿನ ಜಾಗ ತುಂಬಿಸಿ. ಎರಡು ತಗಡು ಒಂದರ ಮೇಲೊಂದು ಬರುವಲ್ಲಿ ನಡುವೆ ವೆಲ್ಡ್-ಥ್ರೂ ಪ್ರೈಮರ್ (ಮೇಲೆಯೇ ಬೆಸೆಯಬಹುದಾದ ಪ್ರೈಮರ್) ಹಾಕದಿದ್ದರೆ ಹೊಸ ತುಕ್ಕು ಶುರುವಾಗುವುದು ಅಲ್ಲೇ. ಬೆಸುಗೆ ತೂತಾಗುತ್ತಲೇ ಇದ್ದರೆ ಯಂತ್ರವನ್ನು ದೂರುವ ಮೊದಲು ಅಂಚನ್ನು ನೋಡಿ. ತುಕ್ಕು ತೆಳ್ಳಗಾಗಿಸಿದ ತಗಡಿಗೇ ಬೆಸೆಯುತ್ತಿದ್ದೀರಿ. ಗಟ್ಟಿ ತಗಡು ಸಿಗುವವರೆಗೆ ಇನ್ನೂ 20, 30 ಮಿಮೀ ಹಿಂದಕ್ಕೆ ಕತ್ತರಿಸಿ.

ಎಂಜಿನ್ ತಿರುಗುತ್ತಿಲ್ಲ

ಜಾಮ್ ಆಗಿರುವುದು ಎಂಜಿನ್ನೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ನ್ಯೂಟ್ರಲ್‌ನಲ್ಲಿಟ್ಟು ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿ. ಅಲುಗದಿದ್ದರೆ ಸೆಲ್ಫಿನ ಪಿನಿಯನ್ ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಂಡಿರಬಹುದು. ಹಳೆಯ ಬಗೆಯ ಸೆಲ್ಫಿನ ತುದಿಯಲ್ಲಿ ಮುಚ್ಚಳದ ಕೆಳಗೆ ಚೌಕಾಕಾರದ ಶಾಫ್ಟ್ ಇರುತ್ತದೆ, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಿಡುತ್ತದೆ. ಸೆಲ್ಫ್ ಬಿಚ್ಚಿದ ಮೇಲೂ ತಿರುಗದಿದ್ದರೆ ಪಿಸ್ಟನ್ ರಿಂಗುಗಳು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಅಂಟಿವೆ.

ನಾಲ್ಕೂ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಸುಮಾರು 30 ಮಿಲಿ ಆಟೊಮ್ಯಾಟಿಕ್ ಗೇರ್ ಆಯಿಲ್ (ಎಟಿಎಫ್) ಮತ್ತು ಅಸಿಟೋನ್ ಸಮಪಾಲಿನ ಮಿಶ್ರಣ ಹಾಕಿ. ಅದು ಸಿಗದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ. ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ, ಬೆಂಕಿಯ ಹತ್ತಿರ ಸುಳಿಯಬೇಡಿ. ಮೂರು ನಾಲ್ಕು ದಿನ ಬಿಟ್ಟು ಎಂಜಿನ್ನನ್ನು ಹಿಂದೆ ಮುಂದೆ ಸಣ್ಣಗೆ ಅಲುಗಿಸಿ. ಮುಂದಕ್ಕೆ ಮಾತ್ರ ಜೋರು ಮಾಡುವುದು, ಸೆಲ್ಫ್ ಹೊಡೆಯುವುದು, ಗೇರ್ ಹಾಕಿ ಜೀಪಿನಿಂದ ಎಳೆಸುವುದು ಮೂರೂ ರಿಂಗ್ ಮುರಿಯುವ ಉಪಾಯಗಳು. ತಿರುಗಿದ ಮೇಲೆ ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಹಾಕಿದ ಮಿಶ್ರಣ ಎಂಜಿನ್ನಿನ ತಳದ ಆಯಿಲ್ ಸಂಪಿನೊಳಗೆ ಇಳಿದಿರುತ್ತದೆ. ಪ್ಲಗ್ ಇಲ್ಲದೆಯೇ ಸೆಲ್ಫ್ ತಿರುಗಿಸಿ ಆಯಿಲ್ ಪ್ರೆಷರ್ ಬಂದದ್ದನ್ನು ನೋಡಿದ ಮೇಲಷ್ಟೇ ಪ್ಲಗ್ ಹಾಕಿ.

ಕಂಪ್ರೆಷನ್ ಗೇಜ್ ಇಟ್ಟು ನಾಲ್ಕನ್ನೂ ಅಳೆಯಿರಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ 15ಕ್ಕಿಂತ ಹೆಚ್ಚು ಕಡಿಮೆ ತೋರಿಸಿದರೆ ಅದರಲ್ಲಿ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಅಥವಾ ಬೋರ್. ಏರದಿದ್ದರೆ ವಾಲ್ವ್: ಗಾಡಿ ನಿಂತಾಗ ತೆರೆದೇ ಇದ್ದ ವಾಲ್ವಿನ ಸೀಟಿಗೆ ತುಕ್ಕು ಹಿಡಿದಿರುತ್ತದೆ. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಇದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಎಂಜಿನ್ ಆನ್ ಆದರೂ ಗೇರ್ ಬೀಳದೆ ಕರಕರ ಎಂದರೆ ಗೇರ್‌ಬಾಕ್ಸ್ ಬಿಚ್ಚಲು ಹೋಗಬೇಡಿ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿರಬಹುದು. ಎಂಜಿನ್ ಆಫ್ ಮಾಡಿ, ಗೇರ್ ಹಾಕಿ, ಇನ್ನೊಬ್ಬರು ಕ್ಲಚ್ ಒತ್ತಿ ಹಿಡಿದಾಗ ಗಾಡಿ ತಳ್ಳಿ. ಎಂಜಿನ್ನೂ ಜೊತೆಗೆ ತಿರುಗಿದರೆ ಅನುಮಾನ ನಿಜ. ಮೊದಲು ಕ್ಲಚ್ಚಿನ ಲಿಂಕೇಜ್ ಪೂರ್ತಿ ಚಲಿಸುತ್ತಿದೆಯೇ ನೋಡಿ. ಸರಿಯಿದ್ದರೆ ಪೆಡಲನ್ನು ಒತ್ತಿದ ಸ್ಥಿತಿಯಲ್ಲಿ ಮರದ ತುಂಡು ಕೊಟ್ಟು ರಾತ್ರಿಯಿಡೀ ಬಿಡಿ. ಎಷ್ಟೋ ಸಲ ಎಂಜಿನ್ ಬಿಸಿಯಾದ ಮೇಲೆ ತಾನೇ ಕಳಚಿಕೊಳ್ಳುತ್ತದೆ.

ಕಾಲು ಗಂಟೆ ಚೆನ್ನಾಗಿ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ

ಹಳೆಯ ಗಾಡಿಗಳಲ್ಲಿ ಅತಿ ಹೆಚ್ಚು ದುಡ್ಡು ಪೋಲಾಗುವುದು ಈ ದೋಷಕ್ಕೆ. ಕಾಯಿಲ್, ಕಂಡೆನ್ಸರ್, ಎಸಿ ಪಂಪು (ಪೆಟ್ರೋಲ್ ಎಳೆಯುವ ಪಂಪು), ಕಾರ್ಬ್ಯುರೇಟರ್ ಎಲ್ಲ ಬದಲಾಗುತ್ತವೆ, ಗಾಡಿ ಮಾತ್ರ ಅದೇ ಕಾಲು ಗಂಟೆಗೆ ನಿಲ್ಲುತ್ತದೆ. ನಿಂತ ಕೂಡಲೇ, ಅದು ಮತ್ತೆ ಓಡಲು ತಯಾರಾಗುವ ಮೊದಲೇ, ಈ ಕ್ರಮದಲ್ಲಿ ನೋಡಿದರೆ ಕಾರಣ ರಸ್ತೆಯಲ್ಲೇ ಸಿಗುತ್ತದೆ.

ಟ್ಯಾಂಕಿನ ಮುಚ್ಚಳ ತೆರೆಯಿರಿ. ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿ ಹೋಗುವ ತೂತು ಮುಚ್ಚಿದೆ, ನಿರ್ವಾತದಿಂದ ಪೆಟ್ರೋಲ್ ಬರುತ್ತಿಲ್ಲ. ಸದ್ದು ಬರದಿದ್ದರೆ ಕಾಯಿಲಿನ ನಡುವಿನ ವೈರನ್ನು ಡೆಲ್ಕೊ (ಡಿಸ್ಟ್ರಿಬ್ಯೂಟರ್) ಕ್ಯಾಪಿನಿಂದ ತೆಗೆದು, ಪೆಟ್ರೋಲ್ ಆವಿಯಿಂದ ದೂರದಲ್ಲಿ, ಬ್ಲಾಕಿನಿಂದ 6 ಮಿಮೀ ಅಂತರದಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ಬರಿಗೈ ಬೇಡ, ಮರದ ಚಿಮುಟ ಬಳಸಿ. ದಪ್ಪ ನೀಲಿ ಕಿಡಿ ಬಂದರೆ ಕಾಯಿಲ್, ಕಂಡೆನ್ಸರ್ ನಿರಪರಾಧಿಗಳು. ಕೆಂಪು, ಬಡಕಲು ಕಿಡಿಯಾದರೆ ಅವುಗಳನ್ನು ನೋಡಿ, ಜೊತೆಗೆ ಡೆಲ್ಕೊ ಒಳಗಿನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ ಇದೆಯೇ ಎಂದೂ. ಕಿಡಿ ಸರಿಯಿದ್ದರೆ ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲು ತೆರೆಯಿರಿ. ಅದು ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ.

ಈಗ ಪಂಪಿಗೆ ಬರುವ ಪೈಪ್ ಬಿಚ್ಚಿ, ಸೈಕಲ್ ಪಂಪಿನಿಂದ ಟ್ಯಾಂಕಿನ ಕಡೆಗೆ ಗಾಳಿ ಊದಿ. ಮೊದಲು ಬಿಗಿಯಾಗಿ, ಆಮೇಲೆ ಟ್ಯಾಂಕಿನಲ್ಲಿ ಗುಳುಗುಳು ಎಂದರೆ ಕಳ್ಳ ಸಿಕ್ಕಿದ. ಟ್ಯಾಂಕಿನ ಒಳಗಿನ ತುಕ್ಕಿನ ಹೊಪ್ಪಳೆಗಳು ಪೆಟ್ರೋಲ್ ಹೀರುವ ನಳಿಕೆಯ ಬಾಯಿಗೆ ನಿಧಾನವಾಗಿ ಅಂಟಿಕೊಂಡು ಮುಚ್ಚುತ್ತವೆ. ಎಂಜಿನ್ ನಿಂತು ಎಳೆತ ಇಲ್ಲವಾದ ಮೇಲೆ ಕಳಚಿ ತಳಕ್ಕೆ ಬೀಳುತ್ತವೆ. ಹತ್ತು ನಿಮಿಷದ ಗುಟ್ಟು ಇಷ್ಟೇ. ಊದಿದರೂ ಬದಲಾವಣೆ ಕಾಣದಿದ್ದರೆ ಪಂಪಿನ ಡಯಾಫ್ರಾಮ್ ನೋಡಿ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಾಮ್ ಹರಿದು ಪೆಟ್ರೋಲ್ ಆಯಿಲ್ ಸಂಪಿನೊಳಗೆ ಇಳಿಯುತ್ತಿದೆ, ಆ ಆಯಿಲ್‌ನಲ್ಲಿ ಗಾಡಿ ಓಡಿಸಬೇಡಿ.

ದಾರಿಯಲ್ಲಿ ಫಿಲ್ಟರ್ ಹಾಕಿ ಬಿಡುವುದು ಪರಿಹಾರವಲ್ಲ, ನಳಿಕೆಯ ಬಾಯಿ ಫಿಲ್ಟರಿಗಿಂತ ಮೊದಲೇ ಇದೆ. ಟ್ಯಾಂಕ್ ಇಳಿಸಿ, ಪೆಟ್ರೋಲ್ ಬಸಿದು, ಸೋಪಿನ ನೀರಿನಲ್ಲಿ ತೊಳೆಯಿರಿ. ಸುಮಾರು ಒಂದು ಮೀಟರ್ ಸಣ್ಣ ಚೈನು ಒಳಗೆ ಹಾಕಿ, ಎಲ್ಲ ದಿಕ್ಕಿಗೂ ಹೊರಳಿಸುತ್ತಾ ಕುಲುಕಿ. ನಂತರ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ತುಂಬಿ ಒಂದು ರಾತ್ರಿ ಬಿಡಿ. ಚೆಲ್ಲಿದ ಕೂಡಲೇ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಬಿಸಿಗಾಳಿ ಊದಿ ಒಣಗಿಸಿ. ಗಂಟೆಗಳ ಕಾಲ ಹಸಿಯಾಗಿ ಬಿಟ್ಟರೆ ಹೊಸ ಕೆಂಪು ಪದರ ಅಲ್ಲೇ ಮೂಡುತ್ತದೆ. ಟ್ಯಾಂಕಿನಲ್ಲಿ ತೂತಿದ್ದರೆ ಮನೆಯಲ್ಲಿ ವೆಲ್ಡಿಂಗ್ ಮಾಡಬೇಡಿ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿನ ಆವಿಯೇ ಸಿಡಿಯುವುದು.

ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹೆಚ್ಚಾದರೆ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೈಪು, ಡಯಾಫ್ರಾಮ್ ಎಥನಾಲ್ ತಡೆಯುವ ಬಗೆಯದ್ದೇ ಇರಲಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಅರ್ಧ ಟ್ಯಾಂಕ್ ಬಿಡಬೇಡಿ. ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ ಒಣಗಿಸಿ.

ಲೈಟ್ ಮಂಕು, ಸೆಲ್ಫ್ ನಿಧಾನ

ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕುತ್ತದೆ, ಹಾರನ್ ಒತ್ತಿದರೆ ಹೆಡ್‌ಲೈಟ್ ಕುಗ್ಗುತ್ತದೆ ಎಂದರೆ ವೈರಿಂಗ್ ಬದಲಿಸುವ ಮುನ್ನ ಅರ್ಥ್ ನೋಡಿ. ಕರೆಂಟು ಹೋಗುವ ದಾರಿಗೆ ಎಲ್ಲರೂ ಹೊಸ ವೈರ್ ಎಳೆಯುತ್ತಾರೆ, ಹಿಂದಿರುಗುವ ದಾರಿಯಾದ ಬಾಡಿಯಲ್ಲಿ ಕೂತ ತುಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುವುದು ಇದರ ಖಚಿತ ಗುರುತು. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಕೆಟ್ಟಿದ್ದರಿಂದ ಸೆಲ್ಫಿನ ಪೂರ್ತಿ ಕರೆಂಟು ಆ ಸಣ್ಣ ಕೇಬಲ್ ಮೂಲಕ ವಾಪಸ್ಸಾಗುತ್ತಿದೆ.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಅರ್ಥ್ ಬದಿಯ ಬ್ಯಾಟರಿ ಟರ್ಮಿನಲ್ಲಿನ ಸೀಸದ ಗೂಟಕ್ಕೆ (ಕ್ಲ್ಯಾಂಪಿಗಲ್ಲ), ಇನ್ನೊಂದು ಎಂಜಿನ್ ಬ್ಲಾಕಿನ ಕೆರೆದ ಜಾಗಕ್ಕೆ. ಸೆಲ್ಫ್ ಹೊಡೆಸಿ. ಮೀಟರ್ ತೋರಿಸುವುದು ದಾರಿಯಲ್ಲಿ ಸೋತ ವೋಲ್ಟೇಜ್. 0.2ರೊಳಗೆ ಇದ್ದರೆ ಸರಿ, 0.5 ದಾಟಿದರೆ ದೋಷ ಖಚಿತ. ಕಡ್ಡಿಯನ್ನು ಕ್ಲ್ಯಾಂಪು, ಬಾಡಿ, ಅರ್ಥ್ ಪಟ್ಟಿಯ ತುದಿ ಹೀಗೆ ಒಂದೊಂದೇ ಹೆಜ್ಜೆ ಸರಿಸಿದರೆ ಯಾವ ಜೋಡಣೆಯಲ್ಲಿ ಅಂಕಿ ಜಿಗಿಯುತ್ತದೋ ಅಲ್ಲೇ ತುಕ್ಕು. ಬಿಚ್ಚಿ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಹೊಸ ಬಣ್ಣ ಹೊಡೆಸಿದ ಗಾಡಿಯಲ್ಲಿ ಲೈಟ್ ಉರಿಯದಿದ್ದರೂ ಇದೇ ಕಥೆ, ಅಲ್ಲಿ ಅಡ್ಡ ಬಂದಿರುವುದು ಬಣ್ಣ.

ಬ್ರೇಕ್

ಡ್ರಮ್ ಬಿಚ್ಚಿದಾಗ ಧೂಳನ್ನು ಗಾಳಿಯಿಂದ ಊದಬೇಡಿ. ಹಳೆಯ ಲೈನರಿನಲ್ಲಿ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ.

ಗಾಡಿ ಎಡಕ್ಕೆ ಎಳೆದರೆ ಮೊದಲು ಬಲಚಕ್ರ ನೋಡಿ, ಸಾಮಾನ್ಯವಾಗಿ ಹಿಡಿಯದಿರುವುದು ಅದು. ಒಂದು ಚಕ್ರ ಬಿಟ್ಟುಕೊಡದೆ ಬಿಸಿಯಾಗುತ್ತಿದ್ದರೆ ಅದನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಪೆಡಲ್ ಒತ್ತಿ ಬಿಡಿಸಿ. ಚಕ್ರ ಬಿಗಿಯಾಗಿಯೇ ಉಳಿದರೆ ಅದರ ಬ್ಲೀಡರ್ ನಿಪ್ಪಲ್ (ಬ್ರೇಕ್ ಎಣ್ಣೆಯ ಗಾಳಿ ತೆಗೆಯುವ ಸ್ಕ್ರೂ) ತೆರೆಯಿರಿ. ಎಣ್ಣೆ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಮತ್ತೆ ಪೆಡಲ್ ಒತ್ತಿಸಿ, ಈ ಸಲ ರಬ್ಬರ್ ಹೋಸಿನ ಹಿಂದಿನ ಲೋಹದ ಪೈಪಿನ ನಟ್ ಸಡಿಲಿಸಿ. ಆಗಲೂ ಚಕ್ರ ಬಿಡದಿದ್ದರೆ ಹೋಸ್ ಒಳಗೊಳಗೇ ಊದಿ ಮುಚ್ಚಿಕೊಂಡಿದೆ. ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನ ಕಡೆ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ವೀಲ್ ಸಿಲಿಂಡರಿನ ಪಿಸ್ಟನ್ನೇ ತುಕ್ಕಿಗೆ ಕಚ್ಚಿಕೊಂಡಿದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಆ ನೀರು ಸಿಲಿಂಡರಿನ ತಳಭಾಗದಲ್ಲಿ ಕೂತು ಗುಂಡಿ ಕೊರೆಯುತ್ತದೆ. ಬಿಚ್ಚಿ ಒರೆಸಿ ಉಗುರಿನಿಂದ ಸವರಿ. ಉಗುರು ತಡೆದರೆ ಸಿಲಿಂಡರನ್ನೇ ಬದಲಿಸಿ, ಎಮರಿ ಪೇಪರಿನಲ್ಲಿ ತಿಕ್ಕಿ ಹೊಸ ಕಿಟ್ ಹಾಕಿದರೆ ತಿಂಗಳೊಳಗೆ ಸೋರುತ್ತದೆ. ರಬ್ಬರ್ ಕಪ್ಪಿಗೆ ಪೆಟ್ರೋಲ್, ಗ್ರೀಸ್ ತಾಗಿಸಬೇಡಿ, ಊದಿಕೊಳ್ಳುತ್ತದೆ. ಬ್ರೇಕ್ ಎಣ್ಣೆಯಲ್ಲೇ ತೊಳೆಯಿರಿ.

ಮೆಟಲ್ ಪೈಪಿನ ಮೇಲ್ಮೈ ಗುಳಿಗುಳಿಯಾಗಿದ್ದರೆ ಬದಲಿಸಿ. ಫ್ರಿಜ್ ರಿಪೇರಿಯವರು ಬಳಸುವ ಮೆತ್ತನೆಯ ತಾಮ್ರದ ಪೈಪ್ ಬೇಡ, ಅದು ಅದುರಿ ಅದುರಿ ಬಿರಿಯುತ್ತದೆ.

ನೀರು ಕುದಿಯುವುದು

ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾದರೆ ಫ್ಯಾನ್ ಬೆಲ್ಟ್, ಟೈಮಿಂಗ್ ನೋಡಿ. ಘಾಟಿಯಲ್ಲಿ, ವೇಗದಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಅಥವಾ ಬ್ಲಾಕಿನಲ್ಲಿ ತುಕ್ಕಿನ ಕೆಸರು ಕಟ್ಟಿದೆ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಮೇಲೆ ಅಂಗೈ ಆಡಿಸಿ. ತಣ್ಣಗಿರುವ ಪಟ್ಟಿಗಳು ಮುಚ್ಚಿದ ನಳಿಕೆಗಳು. ಬ್ಲಾಕಿನ ಪಕ್ಕದ ಡ್ರೈನ್ ಟ್ಯಾಪ್ ತೆರೆದರೂ ನೀರು ಬಾರದಿದ್ದರೆ ಟ್ಯಾಪನ್ನೇ ಬಿಚ್ಚಿ ತಂತಿಯಿಂದ ಚುಚ್ಚಿ ಕೆಸರು ಒಡೆಯಿರಿ, ಮೇಲಿನಿಂದ ಪೈಪ್ ಬಿಟ್ಟು ತಿಳಿನೀರು ಬರುವವರೆಗೆ ತೊಳೆಯಿರಿ. ಹಾಗೆ ತೊಳೆದ ಮೇಲೆ ಕೋರ್ ಪ್ಲಗ್ (ಬ್ಲಾಕಿನ ತೂತು ಮುಚ್ಚುವ ತಗಡಿನ ಬಿಲ್ಲೆ) ಜಿನುಗತೊಡಗಿದರೆ ಅಚ್ಚರಿಪಡಬೇಡಿ, ಅದುವರೆಗೆ ಅದನ್ನು ಮುಚ್ಚಿದ್ದು ತುಕ್ಕೇ. ಬೋರ್‌ವೆಲ್ ನೀರು ಹಾಕಬೇಡಿ. ಡಿಸ್ಟಿಲ್ಡ್ ವಾಟರಿಗೆ ಮೂರನೇ ಒಂದು ಭಾಗ ಕೂಲೆಂಟ್ ಸೇರಿಸಿ, ಹಿಮಕ್ಕಲ್ಲ, ಅದರಲ್ಲಿರುವ ತುಕ್ಕು ತಡೆಯುವ ಅಂಶಕ್ಕೆ.

ಸಣ್ಣ ಭಾಗಗಳು

ಬ್ರಾಕೆಟ್, ಕೀಲು, ಬಂಪರ್ ಕ್ಲ್ಯಾಂಪುಗಳಿಗೆ ಸೋಡಾ ನೀರಿನ ಎಲೆಕ್ಟ್ರಾಲಿಸಿಸ್ ಸುಲಭ. ಪ್ಲಾಸ್ಟಿಕ್ ಬಕೆಟಿನಲ್ಲಿ 10 ಲೀಟರ್ ನೀರಿಗೆ ಎರಡು ಮೂರು ಚಮಚ ವಾಷಿಂಗ್ ಸೋಡಾ, ಚಾರ್ಜರಿನ ನೆಗೆಟಿವ್ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಬೇಡದ ಕಬ್ಬಿಣದ ತುಂಡಿಗೆ. ಎರಡೂ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲನ್ನು ಪಾಸಿಟಿವ್‌ಗೆ ಕೊಟ್ಟರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಸೋಡಾ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ. ಗುಳ್ಳೆಯಾಗಿ ಬರುವುದು ಹೈಡ್ರೋಜನ್, ಆದ್ದರಿಂದ ಬಯಲಲ್ಲಿ ಮಾಡಿ, ಚಾರ್ಜರ್ ಆರಿಸಿದ ಮೇಲೆಯೇ ಕ್ಲಿಪ್ ತೆಗೆಯಿರಿ. ಸ್ಪ್ರಿಂಗು, ಹೆಚ್ಚು ಗಡಸಿನ ಬೋಲ್ಟುಗಳನ್ನು ಇದರಲ್ಲಿ ಮುಳುಗಿಸಬೇಡಿ. ಹೈಡ್ರೋಜನ್ ಒಳಹೊಕ್ಕು ಅವು ಪೆಡಸಾಗಿ ಮುರಿಯಬಹುದು.

ಪ್ರೈಮರ್, ಬಣ್ಣ, ಮೇಣ

ರಸ್ಟ್ ಕನ್ವರ್ಟರ್ ಕೆಲಸ ಮಾಡುವುದು ತೆಳುವಾಗಿ ಗಟ್ಟಿಯಾಗಿ ಕೂತ ತುಕ್ಕಿನ ಮೇಲೆ. ಹೊಪ್ಪಳೆ ಎದ್ದ ತುಕ್ಕಿನ ಮೇಲೆ ಬಳಿದರೆ ಮೇಲ್ಪದರ ಮಾತ್ರ ಕಪ್ಪಾಗುತ್ತದೆ, ಒಳಗಿನದು ತನ್ನ ಕೆಲಸ ಮುಂದುವರಿಸುತ್ತದೆ. ಬರಿ ತಗಡಿಗೆ ಎಪಾಕ್ಸಿ ಪ್ರೈಮರನ್ನು ಉಜ್ಜಿದ ದಿನವೇ ಹಾಕಿ. ಸಾಮಾನ್ಯ ಪ್ರೈಮರ್ ಹಾಕಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದು ದೊಡ್ಡ ತಪ್ಪು, ಅದು ತೇವವನ್ನು ಒಳಗೆ ಬಿಡುತ್ತದೆ. ಪುಟ್ಟಿ ಎಪಾಕ್ಸಿಯ ಮೇಲೆ, 3 ಮಿಮೀ ಮೀರದಂತೆ.

ಗಾಳಿಯ ತೇವ ಶೇ 85 ದಾಟಿದರೆ ಗನ್ ಹಿಡಿಯಬೇಡಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ದಿನಗಳೇ ಹೆಚ್ಚು. ಆ ತಿಂಗಳುಗಳಲ್ಲಿ ಬ್ರೇಕು, ವೈರಿಂಗು ಮುಗಿಸಿ, ಬಣ್ಣವನ್ನು ಡಿಸೆಂಬರ್‌ನಿಂದ ಫೆಬ್ರವರಿಗೆ ಇಟ್ಟುಕೊಳ್ಳಿ. ಹಾರ್ಡನರ್ ಬೆರೆಸುವ 2ಕೆ ಬಣ್ಣದ ಆವಿಗೆ ಬಟ್ಟೆಯ ಮಾಸ್ಕ್ ಸಾಲದು. ಹೊರಗಿನ ಗಾಳಿ ಕೊಡುವ ಮಾಸ್ಕ್ ಇಲ್ಲದಿದ್ದರೆ ಆ ಕೆಲಸ ಪೇಂಟ್ ಬೂತಿಗೆ ಕೊಡಿ.

ಕೊನೆಗೆ ಸಿಲ್, ಬಾಗಿಲು, ಪೆಟ್ಟಿಗೆ ಭಾಗಗಳ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸಂದುಗಳಿಗೆ ಚೆನ್ನಾಗಿ ಹರಿಯುತ್ತದೆ. ಹಳೆಯ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಬಿಡಿ: ಅದರಲ್ಲಿ ಆಮ್ಲ ಇರುತ್ತದೆ, ಬೀಡಿಂಗ್ ರಬ್ಬರನ್ನೂ ಕೆಡಿಸುತ್ತದೆ. ಮೇಣ ಗಟ್ಟಿಯಾದ ಮಾರನೆಯ ದಿನ ಬಾಗಿಲು ಮತ್ತು ಸಿಲ್ಲಿನ ಪ್ರತಿ ನೀರು ಹೋಗುವ ತೂತಿಗೂ ತಂತಿ ಹಾಕಿ ನೋಡಿ. ಇಳಿದ ಮೇಣವೇ ಅವನ್ನು ಮುಚ್ಚಿರುತ್ತದೆ.